ನೆಗಡಿಯನ್ನು ಮುಚ್ಚಿಡುವ ಅರ್ಥಶಾಸ್ತ್ರ

ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಪಡಿಸುವುದು ನಮ್ಮಲ್ಲಿ ಸುಲಭದ ಕೆಲಸವಲ್ಲ. ಪಂಚಾಂಗ, ಶಾಲೆಯ ರಜೆ, ಕಚೇರಿಯ ರಜೆ, ವಿಮಾ ಕಂಪನಿಯ ಪೂರ್ವಾನುಮತಿ ಎಲ್ಲವೂ ಕೂಡಿಬರಬೇಕು. ಹೀಗಿರುವಾಗ ಟಾನ್ಸಿಲ್ ತೆಗೆಸಬೇಕಾದ ಮಗುವಿಗೆ ಹಿಂದಿನ ದಿನ ನೆಗಡಿ ಕಾಣಿಸಿಕೊಂಡರೆ, ಪ್ಯಾರಸಿಟಮಾಲ್ ಕುಡಿಸಿ, ಮಾತೆತ್ತದೆ ಆಸ್ಪತ್ರೆಗೆ ಕರೆದೊಯ್ಯುವವರಿದ್ದಾರೆ.

ಇದು ಉಪೇಕ್ಷಿಸಬಹುದಾದ ಸಂಗತಿಯಲ್ಲ. ನೆಗಡಿಯಾದಾಗ ಶ್ವಾಸಮಾರ್ಗ ಕೆರಳಿರುತ್ತದೆ. ಪೂರ್ಣ ಅರಿವಳಿಕೆಯ ವೇಳೆ ಉಸಿರಾಟದ ಕೊಳವೆ ಅಥವಾ ಕಫ ತಾಗಿದರೆ ಧ್ವನಿಪೆಟ್ಟಿಗೆ ಹಠಾತ್ತನೆ ಬಿಗಿದುಕೊಳ್ಳಬಹುದು. ಶ್ವಾಸನಾಳಗಳು ಸಂಕುಚಿತಗೊಂಡು ರಕ್ತದಲ್ಲಿನ ಆಮ್ಲಜನಕದ ಪ್ರಮಾಣ ಕುಸಿಯಬಹುದು. ಎಳೆಯ ಮಕ್ಕಳು, ಅವಧಿಗೆ ಮುನ್ನ ಜನಿಸಿದವರು, ಆಸ್ತಮಾ ಇರುವವರು, ಧೂಮಪಾನಿಗಳಿರುವ ಮನೆಯ ಮಕ್ಕಳು ಇವರಿಗೆ ಅಪಾಯ ಹೆಚ್ಚು. ಮೂಗು ಸೋರುವುದು ನಿಂತ ಮೇಲೂ ಈ ಕೆರಳುವಿಕೆ ಕೆಲವು ವಾರ ಉಳಿಯಬಲ್ಲದು.

ಹಾಗೆಂದು ಪ್ರತಿ ಸೀನಿಗೂ ಶಸ್ತ್ರಚಿಕಿತ್ಸೆ ಮುಂದೂಡಬೇಕಿಲ್ಲ. ಜ್ವರವಿಲ್ಲದ ಸಾಮಾನ್ಯ ನೆಗಡಿಯಲ್ಲಿ ತಜ್ಞರು ಎಚ್ಚರಿಕೆಯಿಂದ ಮುಂದುವರಿಯುವುದುಂಟು. ಜ್ವರ, ಕಫದ ಕೆಮ್ಮು, ಎದೆಯಲ್ಲಿ ಗೊರಗೊರ ಸದ್ದು ಇದ್ದರೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಕಾಯಲು ಹೇಳುತ್ತಾರೆ. ತುರ್ತು ಸಂದರ್ಭದ ಮಾತು ಬೇರೆ. ಒಡೆದ ಅಪೆಂಡಿಕ್ಸ್ ನೆಗಡಿ ವಾಸಿಯಾಗಲೆಂದು ಕಾಯುವುದಿಲ್ಲ. ಕೋವಿಡ್ ಈ ಪಾಠವನ್ನು ಇನ್ನಷ್ಟು ಸ್ಪಷ್ಟಪಡಿಸಿತು. 116 ದೇಶಗಳ ಸುಮಾರು 1.40 ಲಕ್ಷ ರೋಗಿಗಳನ್ನು ಒಳಗೊಂಡ, 2021ರಲ್ಲಿ ಪ್ರಕಟವಾದ ಅಧ್ಯಯನವು ಸೋಂಕಿನ ಬಳಿಕ ಕನಿಷ್ಠ ಏಳು ವಾರ ಕಾಯುವುದು ಲೇಸೆಂದಿತು. ಲಸಿಕೆ ವ್ಯಾಪಕವಾದ ನಂತರವಷ್ಟೇ ಆ ನಿಲುವು ಸಡಿಲವಾಯಿತು.

ನಿರ್ಧಾರ ಯಾವುದೇ ಇರಲಿ, ಅದನ್ನು ಕೈಗೊಳ್ಳಬೇಕಾದವರು ಅರಿವಳಿಕೆ ತಜ್ಞರು. ಅವರಿಗೆ ಸತ್ಯಾಂಶ ತಿಳಿದಿರಬೇಕು. ಆದರೆ ಮುಂದೂಡಿಕೆಯ ವೆಚ್ಚವೆಲ್ಲ ರೋಗಿಯ ತಲೆಯ ಮೇಲೆಯೇ ಬೀಳುವುದಾದರೆ ಸತ್ಯ ಹೇಳಲು ಅವನಿಗೆ ಪ್ರೇರಣೆಯಾದರೂ ಏನು? ದಿನಗೂಲಿಯವನಿಗೆ ಕಳೆದುಹೋದ ಸಂಬಳ ಮರಳಿ ಬಾರದು. ಮುಂಗಡ ಹಣ, ಮತ್ತೊಮ್ಮೆ ಮಾಡಿಸಬೇಕಾದ ರಕ್ತಪರೀಕ್ಷೆ, ಹೊಸ ಅನುಮತಿಗಾಗಿ ಅಲೆದಾಟ ಇವೆಲ್ಲ ಮೌನಕ್ಕೆ ಕೊಡುವ ಬಹುಮಾನವಿದ್ದಂತೆ.

ಪರಿಹಾರ ದುಬಾರಿಯೇನಲ್ಲ. ದಾಖಲಾತಿಗೆ ಎರಡು ದಿನ ಮುಂಚೆ ಆಸ್ಪತ್ರೆಯೇ ದೂರವಾಣಿ ಮಾಡಿ ಕೆಮ್ಮು, ಜ್ವರ ವಿಚಾರಿಸಲಿ. ನೆಗಡಿಯ ಕಾರಣಕ್ಕೆ ಮುಂದೂಡಿದರೆ ಶುಲ್ಕ ಕಡಿತ ಬೇಡ. ಅದೇ ಅನುಮತಿ ಹೊಸ ದಿನಾಂಕಕ್ಕೂ ಅನ್ವಯವಾಗುವಂತೆ ವಿಮಾ ಸಂಸ್ಥೆಗಳೂ ಸರ್ಕಾರಿ ಯೋಜನೆಗಳೂ ನಿಯಮ ರೂಪಿಸಲಿ. ನಿಜ ಹೇಳಿದವನು ನಷ್ಟ ಅನುಭವಿಸುವ ವ್ಯವಸ್ಥೆಯಲ್ಲಿ ಎಷ್ಟೇ ನುರಿತ ವೈದ್ಯರಿದ್ದರೂ ಸುರಕ್ಷತೆ ಅರ್ಧವಷ್ಟೇ.