ಕೆರೆಗೆ ಹೊರಟವರಿಗೆ ಎರಡು ಮಾತು

ಬೇಸಿಗೆ ರಜೆ ಬಂತೆಂದರೆ ನನ್ನ ಕಚೇರಿಗೆ ಬೀಜ, ಗೊಬ್ಬರ ಕೇಳಿಕೊಂಡು ಬರುವವರ ಜೊತೆಗೆ ಇನ್ನೊಂದು ಪ್ರಶ್ನೆಯೂ ಬರುತ್ತದೆ. "ಸಾಹೇಬ್ರ, ಮಕ್ಕಳು ನೀರಿಗೆ ಹೋಗೂಣು ಅಂತ ಜೀವಾ ತಿಂತಾವ್ರಿ. ಹುಬ್ಬಳ್ಳಿ ಧಾರವಾಡದ ಕಡೆ ಯಾವ ಕೆರಿ ಛಲೋ ಐತ್ರಿ?" ಕೃಷಿ ಅಧಿಕಾರಿಯನ್ನು ಕೇಳುವ ಪ್ರಶ್ನೆಯೇ ಇದು ಎಂದು ಮೊದಮೊದಲು ನಗುತ್ತಿದ್ದೆ. ಈಗ ನಗುವುದಿಲ್ಲ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ಪ್ರಶ್ನೆಗೆ ಉತ್ತರ. ದೋಣಿ, ಗಾಳ, ಈಸು ಈ ಮೂರೂ ಒಂದೇ ಕೆರೆಯಲ್ಲಿ ಸಿಗಬೇಕೆಂದು ಹೊರಟರೆ ನಿಮಗೆ ನಿರಾಶೆ ಖಂಡಿತ. ಒಂದೊಂದು ಕೆರೆಗೆ ಒಂದೊಂದು ಗುಣ. ದೋಣಿಯ ಆಸೆ ಇದ್ದವರು ಉಣಕಲ್ಲಿಗೋ ಸಾಧನಕೇರಿಗೋ ಹೋಗುವುದು ವಾಡಿಕೆ. ಉಣಕಲ್ ಕೆರೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ದಾರಿಯ ಮಗ್ಗುಲಲ್ಲೇ ಇದೆ. ನೀರಿನ ನಡುವೆ ವಿವೇಕಾನಂದರ ಪ್ರತಿಮೆ ನಿಂತಿದೆ. ಸಂಜೆ ಏರಿಯ ಮೇಲೆ ಗಾಳಿ ಬೀಸುತ್ತಿರುವಾಗ ಸುಟ್ಟ ಗೋವಿನಜೋಳದ ತೆನೆ ತಿನ್ನುತ್ತ ಕೂಡ್ರುವ ಸುಖ ಬೇರೆ ಕಡೆ ಇಲ್ಲ. ಅಲ್ಲಿಗೆ ಹೋದವರು ಊರೊಳಗಿನ ಚಂದ್ರಮೌಳೇಶ್ವರ ಗುಡಿಯನ್ನೂ ನೋಡಿಬರಲಿ. ಚಾಲುಕ್ಯರ ಕಾಲದ ಕಲ್ಲಿನ ಕೆಲಸ. ಸಾಧನಕೇರಿ ಸಣ್ಣದು, ಆದರೆ ಬೇಂದ್ರೆಯವರ ಮನೆಯ ಎದುರಿನ ಕೆರೆ ಎಂಬ ಒಂದು ಕಾರಣಕ್ಕೇ ಧಾರವಾಡದವರಿಗೆ ಅದರ ಮೇಲೆ ಜೀವ. ಎರಡೂ ಕಡೆ ದೋಣಿ ನಡೆಯುವ ದಿನವೂ ಉಂಟು, ನಿಲ್ಲುವ ದಿನವೂ ಉಂಟು. ಬಸ್ಸು ಹತ್ತುವ ಮೊದಲು ವಿಚಾರಿಸಿಕೊಳ್ಳಿ. ಇಲ್ಲಿ ಈಸಲು ಮಾತ್ರ ಇಳಿಯಬೇಡಿ. ಊರಿನ ಬಚ್ಚಲ ನೀರು ಸೇರುವ ಕೆರೆಯಲ್ಲಿ ಮುಳುಗೆದ್ದರೆ ಬರುವುದು ತುರಿಕೆ ಮತ್ತು ವಾಂತಿಭೇದಿ.

ಕೆಲಗೇರಿ ಕೆರೆ ನನಗೆ ಬಹಳ ಪ್ರೀತಿಯದು. ಧಾರವಾಡದ ಕೃಷಿ ಕಾಲೇಜಿನಲ್ಲಿ ಓದುತ್ತಿದ್ದಾಗ ರವಿವಾರಕ್ಕೊಮ್ಮೆ ಸೈಕಲ್ ತುಳಿದುಕೊಂಡು ಗೋವಾ ರಸ್ತೆ ಹಿಡಿದು ಅಲ್ಲಿಗೆ ಹೋಗುತ್ತಿದ್ದೆವು. ಗಾಳ ಹಾಕುವವರ ಪಕ್ಕ ಕೂತು ಸುಮ್ಮನೆ ನೋಡುವುದೇ ಒಂದು ಕೆಲಸ. ಎರೆಹುಳಕ್ಕೆ ಬೀಳುವ ಮೀನು ಹಿಟ್ಟಿನ ಉಂಡೆಗೆ ಬೀಳುವುದಿಲ್ಲ ಎಂಬ ವಿದ್ಯೆ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಮುಗದದ ಕೆರೆಯ ದಂಡೆಯೂ ಚಂದ. ಅಲ್ಲಿಗೆ ಹೋಗುವ ರೈತರು ಭತ್ತದ ಸಂಶೋಧನಾ ಕೇಂದ್ರವನ್ನೂ ಹೊಕ್ಕು ಬಂದರೆ ಒಂದು ಪ್ರವಾಸಕ್ಕೆ ಎರಡು ಲಾಭ. 'ಮುಗದ ಸುಗಂಧ' ಅಲ್ಲಿಂದ ಬಂದ ತಳಿ. ಕಲಘಟಗಿ ಕಡೆಯ ನೀರಸಾಗರ ಮತ್ತು ನವಲಗುಂದದ ನೀಲಮ್ಮನ ಕೆರೆ ಕುಡಿಯುವ ನೀರಿನವು. ದಂಡೆಯ ಮೇಲೆ ಬುತ್ತಿ ಬಿಚ್ಚಿರಿ, ಪ್ಲಾಸ್ಟಿಕ್ ಹೊತ್ತುಕೊಂಡು ಹಿಂದಿರುಗಿರಿ, ನೀರಿಗೆ ಕಾಲಿಡುವ ಮಾತೇ ಬೇಡ.

ಸ್ವಲ್ಪ ದೂರ ಹೋಗುವ ಮನಸ್ಸಿದ್ದವರು ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಬೇಕು. ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿಗೆ ಬರುತ್ತವೆ. ಹಗಲೆಲ್ಲ ನೀರಿನಲ್ಲಿದ್ದು, ಹೊತ್ತು ಮುಳುಗುವಾಗ ಸುತ್ತಲಿನ ಹೊಲಗಳಿಗೆ ಮೇಯಲು ಏಳುತ್ತವೆ. ಕಡಲೆ, ಶೇಂಗಾದ ಹೊಲಕ್ಕಿಳಿದರೆ ಒಡೆಯನಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ಆದರೂ ಆ ಊರಿನವರು ಹಕ್ಕಿಗೆ ಕಲ್ಲು ಹೊಡೆಯದೆ ಬಂದಿದ್ದಾರೆ. 2024ರಲ್ಲಿ ಆ ಕೆರೆಗೆ ರಾಮ್ಸಾರ್ ಪಟ್ಟಿಯಲ್ಲಿ ಸ್ಥಾನ ದೊರೆಯಿತು. ಸನ್ಮಾನ ಆಗಬೇಕಾದದ್ದು ಕೆರೆಗಿಂತ ಮೊದಲು ಆ ಹೊಲಗಳ ಒಡೆಯರಿಗೆ ಎಂಬುದು ನನ್ನ ಅಭಿಪ್ರಾಯ.

ಇನ್ನು ಮೀನಿನ ವಿಷಯ. "ಕೆರೆ ತುಂಬಿದೆ, ಮೀನು ತಾನೇ ಆಗುತ್ತದೆ" ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಇದೆ. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಹರಿವ ಹೊಳೆಯ ಮಳೆಗಾಲದ ಪ್ರವಾಹ ಅವುಗಳಿಗೆ ಬೇಕು. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧರಿಯವರು ಚುಚ್ಚುಮದ್ದಿನಿಂದ ಇವುಗಳಿಗೆ ಮೊಟ್ಟೆ ಇಡಿಸಿ ತೋರಿಸಿದ ಮೇಲೆಯೇ ಮೀನುಮರಿ ಬೀಜದಂತೆ ಪೇಟೆಗೆ ಬಂತು. ಆದ್ದರಿಂದ ನಿಮ್ಮ ಕೆರೆಗೆ ಪ್ರತಿವರ್ಷ ಮರಿ ಬಿಟ್ಟರೆ ಮಾತ್ರ ಆ ಮೀನು. ಕಾಟ್ಲಾ ಮೇಲ್ನೀರಿನಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುವುದರಿಂದ ಒಂದರ ತುತ್ತನ್ನು ಇನ್ನೊಂದು ಕಸಿಯುವುದಿಲ್ಲ. ನಮ್ಮ ಅಕ್ಕಡಿ ಸಾಲಿನ ಲೆಕ್ಕವೇ ಇಲ್ಲಿಯೂ. ಮೋಡ ಕವಿದ ದಿನಗಳ ನಂತರ ಬೆಳಗಿನ ಜಾವ ಮೀನು ಬಾಯಿ ತೆರೆದು ಮೇಲೆ ತೇಲಿದರೆ ಯಾರೋ ವಿಷ ಹಾಕಿದರೆಂದು ಜಗಳಕ್ಕೆ ಹೋಗಬೇಡಿ. ಬಿಸಿಲಿಲ್ಲದೆ ನೀರಿನ ಪಾಚಿ ಆಮ್ಲಜನಕ ಉತ್ಪಾದಿಸುವುದು ಕಡಿಮೆಯಾಗಿ, ರಾತ್ರಿ ಅದೇ ಪಾಚಿ ಇದ್ದುದನ್ನೂ ಹೀರಿರುತ್ತದೆ. ಚರಂಡಿ ನೀರು ಸೇರುವ ಕೆರೆಯಲ್ಲಿ ಈ ತೊಂದರೆ ಹೆಚ್ಚು.

ಅಂತರಗಂಗೆಯ ಹಾವಳಿ ಉಣಕಲ್, ಕೆಲಗೇರಿಗಳಿಗೆ ಹೊಸತಲ್ಲ. ತೆಗೆದಷ್ಟೂ ಬೆಳೆಯುತ್ತದೆ, ಏಕೆಂದರೆ ಬಚ್ಚಲ ನೀರಿನ ಸಾರಜನಕ, ರಂಜಕಗಳೇ ಅದಕ್ಕೆ ಮೇಲುಗೊಬ್ಬರ. 1980ರ ದಶಕದಲ್ಲಿ ಬೆಂಗಳೂರಿನ ಹೆಬ್ಬಾಳ ಕೆರೆಗೆ ವಿದೇಶದಿಂದ ತಂದ ಸೊಂಡಿಲ ಹುಳುಗಳನ್ನು ಬಿಟ್ಟು ಈ ಕಳೆಯನ್ನು ಹತೋಟಿಗೆ ತಂದಿದ್ದರು. ಹುಳುವಿಗೆ ವರ್ಷಗಟ್ಟಲೆ ಕಾಲ ಬೇಕು, ನಮಗೆ ತಾಳ್ಮೆ ಇಲ್ಲ. ಯಂತ್ರ ತರಿಸುತ್ತೇವೆ, ಛಾಯಾಚಿತ್ರ ತೆಗೆಸುತ್ತೇವೆ, ಮುಂದಿನ ವರ್ಷ ಮತ್ತೆ ಹಸಿರು ಹೊದಿಕೆ. ಇರಲಿ.

ಈಗ ಈಸುವ ವಿಷಯ. ನಾನು ಈ ಲೇಖನ ಬರೆಯಲು ಕುಳಿತದ್ದೇ ಇದಕ್ಕಾಗಿ.

ನಮ್ಮ ತಂದೆಯವರ ಕಾಲದ ಹಳ್ಳಿಕೆರೆಯನ್ನು ನೆನೆಯಿರಿ. ಏರಿಯ ಕಡೆ ಆಳ, ಹಿಂದಿನ ಕಡೆ ತೆಳುವು. ಎತ್ತು ಮೈ ತೊಳೆಯಲು ಹೋದ ಹುಡುಗ ಮೊಣಕಾಲು, ತೊಡೆ, ಸೊಂಟ ಎಂದು ಹೆಜ್ಜೆಹೆಜ್ಜೆಗೆ ಆಳ ಅರಿಯುತ್ತ ಹೋಗುತ್ತಿದ್ದ. ಈಗ ಹಾಗಿಲ್ಲ. ಹೂಳು ತೆಗೆಯುವ ಹೆಸರಿನಲ್ಲಿ ಜೆಸಿಬಿ ಇಳಿಸಿ ಒಬ್ಬೊಬ್ಬರೂ ಒಂದೊಂದು ಕಡೆ ನೆಟ್ಟಗೆ ಗುಂಡಿ ತೋಡಿದ್ದೇವೆ. ಮಳೆ ಬಂದು ನೀರು ನಿಂತಾಗ ಮೇಲಿನಿಂದ ಎಲ್ಲವೂ ಒಂದೇ ಸಮ. ಮೊಣಕಾಲು ನೀರಿನಲ್ಲಿ ನಡೆಯುತ್ತಿದ್ದ ಹುಡುಗ ಮುಂದಿನ ಹೆಜ್ಜೆಗೆ ಎರಡಾಳು ಆಳಕ್ಕೆ ಹೋಗುತ್ತಾನೆ. ಕೆರೆಗೋಡು ಹೊಲಕ್ಕೆ ಹಾಕಬೇಡಿ ಎಂದು ನಾನು ಹೇಳುತ್ತಿಲ್ಲ. ಮಸಾರಿ ಭೂಮಿಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ, ತೇವ ಹಿಡಿಯುವ ಶಕ್ತಿ ಬರುತ್ತದೆ. ಎರಿ ಭೂಮಿಗೆ ಮಾತ್ರ ಸುಮ್ಮನೆ ಖರ್ಚು, ಅಲ್ಲಿ ಜಿಗುಟು ಮಣ್ಣಿಗೇನು ಬರಗಾಲ? ಆದರೆ ತೆಗೆಯುವಾಗ ಪದರುಪದರಾಗಿ, ದಂಡೆಯಿಂದ ಒಳಕ್ಕೆ ಇಳಿಜಾರಾಗಿ ತೆಗೆಯಿರಿ. ಎತ್ತಿನ ಬಂಡಿ ಇಳಿದು ಹತ್ತುವಂತಿದ್ದರೆ ಅದು ಸರಿಯಾದ ಇಳಿಜಾರು. ಜೆಸಿಬಿಯವನು ತಾಸಿನ ಲೆಕ್ಕದಲ್ಲಿ ದುಡಿಯುವವನು, ಅವನಾಗಿ ಇದನ್ನು ಮಾಡುವುದಿಲ್ಲ. ದಂಡೆಯ ಮೇಲೆ ನಿಂತು ನೀವೇ ಮಾಡಿಸಬೇಕು.

ಕೆರೆಗಿಂತ ಭಯಂಕರವಾದದ್ದು ಕೃಷಿ ಹೊಂಡ. 2014-15ರಿಂದ ಈಚೆಗೆ ನಮ್ಮ ಒಣಭೂಮಿಯಲ್ಲಿ ಹೊಂಡಗಳು ಬಹಳ ಆದವು, ಆಗಬೇಕಾದದ್ದೂ ಹೌದು. 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ಹೊಂಡದಲ್ಲಿ ಬದಿಯ ಇಳಿಜಾರು ಕಳೆದರೂ ಸುಮಾರು 9 ಲಕ್ಷ ಲೀಟರಿಗಿಂತ ಹೆಚ್ಚು ನೀರು ಹಿಡಿಯುತ್ತದೆ. ಮಳೆ ಕೈಕೊಟ್ಟಾಗ ಒಂದು ತಂಪು ಕೊಟ್ಟು ಬೆಳೆ ಉಳಿಸಿಕೊಂಡವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೆಕ್ಟೇರಿಗೆ 5,000 ಮರಿ ಎಂಬ ಲೆಕ್ಕದಲ್ಲಿ ಅಂಥ ಹೊಂಡಕ್ಕೆ 200 ಮೀನುಮರಿ ಬಿಡಲೂಬಹುದು. ಎರಿ ಮಣ್ಣಿನಲ್ಲಿ ನೀರು ತಾನೇ ನಿಲ್ಲುತ್ತದೆ. ಮಸಾರಿಯಲ್ಲಿ ಇಂಗುತ್ತದೆಂದು ಪ್ಲಾಸ್ಟಿಕ್ ಹಾಳೆ ಹಾಸುತ್ತೇವೆ. ಆ ಹಾಳೆಯ ಮೇಲೆ ಒಂದಿಷ್ಟು ಪಾಚಿ ಕಟ್ಟಿತೆಂದರೆ ಈಸು ಬಲ್ಲ ಗಟ್ಟಿ ಆಳಿಗೂ ಮೇಲೆ ಹತ್ತಲಾಗದು. ಹಿಡಿಯಲು ಒಂದು ಕಲ್ಲಿಲ್ಲ, ಬೇರಿಲ್ಲ.

ಕೆಲವು ವರ್ಷಗಳ ಕೆಳಗೆ ನನ್ನ ವ್ಯಾಪ್ತಿಯ ಒಂದು ಹಳ್ಳಿಯಲ್ಲಿ ಮೂರನೆಯ ಇಯತ್ತೆಯ ಹುಡುಗನೊಬ್ಬ ಇಂಥ ಹೊಂಡದಲ್ಲಿ ತೀರಿಕೊಂಡ. ಕಾಲಿನ ಕೆಸರು ತೊಳೆಯಲು ಕೆಳಗಿಳಿದನಂತೆ. ಆ ಹೊಂಡ ತೋಡಿಸಲು ತಂದೆಯನ್ನು ಒಪ್ಪಿಸಿದವನು ನಾನು. ಸುತ್ತ ಬೇಲಿ ಬೇಕೆಂದು ಕಾಗದದಲ್ಲಿ ಇತ್ತು. ನಾನು ಅಳತೆಗೆ ಹೋದ ದಿನ ಬೇಲಿಯ ಕಂಬಗಳು ಹೊಲದ ಬದುವಿನ ಮೇಲೆ ಬಿದ್ದಿದ್ದವು. "ಸುಗ್ಗಿ ಮುಗಿದ ಮ್ಯಾಲ ಹುಗೀತೇನ್ರಿ" ಎಂದ. ಒಳ್ಳೆಯ ಮನುಷ್ಯ, ಮಾತಿಗೆ ತಪ್ಪುವವನಲ್ಲ. ನಾನು ಸಹಿ ಹಾಕಿದೆ. ಸುಗ್ಗಿ ಇನ್ನೂ ಮುಗಿದಿರಲಿಲ್ಲ.

ಮೂರು ದಿನದ ನಂತರ ಅವರ ಮನೆಗೆ ಹೋದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಹೋಗಿದ್ದೆಲ್ಲ ಬಾಗಿಲಲ್ಲೇ ಮರೆತುಹೋಯಿತು. ಆತ ನನ್ನನ್ನು ಬಯ್ಯಲಿಲ್ಲ. ಕಟ್ಟೆಯ ಮೇಲೆ ಕೂಡ್ರಿಸಿ, ನೀರು ಕೊಟ್ಟು, "ನೀರು ನಿಲ್ಲಬೇಕಂದಿದ್ರಿ ಸಾಹೇಬ್ರ, ನಿಂತೈತಿ ನೋಡ್ರಿ" ಎಂದ. ಅದರಾಚೆ ಇಬ್ಬರೂ ಮಾತಾಡಲಿಲ್ಲ. ಅಂದಿನಿಂದ ಕಂಬ ನೆಟ್ಟು ತಂತಿ ಬಿಗಿದುದನ್ನು ಕೈಯಿಂದ ಎಳೆದು ನೋಡದೆ ನಾನು ಯಾವ ಹೊಂಡಕ್ಕೂ ಸಹಿ ಹಾಕಿಲ್ಲ. ಇದಕ್ಕಾಗಿ ನನ್ನನ್ನು ಕಿರಿಕಿರಿ ಸಾಹೇಬ ಎನ್ನುವವರಿದ್ದಾರೆ. ಅನ್ನಲಿ.

ನಮ್ಮ ದೇಶದಲ್ಲಿ ವರ್ಷಕ್ಕೆ 30,000ಕ್ಕೂ ಹೆಚ್ಚು ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ. ಹಾವು ಕಂಡರೆ ಊರೇ ಕೂಡುತ್ತದೆ, ನೀರು ಕಂಡರೆ ಯಾರೂ ಹೆದರುವುದಿಲ್ಲ. ಮಕ್ಕಳನ್ನು ನೀರಿಗೆ ಬಿಡಬೇಡಿ ಎಂದು ಗದರಿಸುವುದು ಸುಲಭದ ಉಪದೇಶ. ಅದು ನಡೆಯುವುದಿಲ್ಲ, ನೀವೂ ನಾನೂ ಸಣ್ಣವರಿದ್ದಾಗ ಕೇಳಿದ್ದೆವೇ? ಈಸಲು ಕಲಿಸುವುದೇ ದಾರಿ. ಹಿಂದೆ ಬೆನ್ನಿಗೆ ಒಣ ಸೋರೆಬುರುಡೆಯನ್ನೋ ಕತ್ತಾಳೆ ಬೆಂಡನ್ನೋ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಮೆಟ್ಟಿಲ ಬಾವಿಗೆ ದೂಡುತ್ತಿದ್ದರು. ಮೇಲೆ ಒಬ್ಬ ಕಾಕಾ ಹಗ್ಗ ಹಿಡಿದು ನಿಂತಿರುತ್ತಿದ್ದ. ಆ ಬಾವಿಗಳು ಬತ್ತಿದವು, ಕೊಳವೆಬಾವಿ ಬಂತು, ಕೊಳವೆಯಲ್ಲಿ ಯಾರು ಈಸುತ್ತಾರೆ? ಹೀಗೆ ಒಂದು ತಲೆಮಾರು ಈಸು ಬಾರದೆ ಬೆಳೆದಿರುವಾಗಲೇ ಹೊಲಹೊಲಕ್ಕೂ ಹೊಂಡ ಬಂದು ಕೂತಿದೆ.

ಬಾಂಗ್ಲಾದೇಶ ನಮಗಿಂತ ಬಡ ದೇಶ, ಮನೆಮನೆಗೊಂದು ಕೊಳ. ಅಲ್ಲಿ ಊರ ಕೊಳದಲ್ಲೇ ಬಿದಿರಿನ ಅಟ್ಟ ಕಟ್ಟಿ, ತಳ ಸಿಗುವಂತೆ ಮಾಡಿ, ಊರಿನವರನ್ನೇ ತರಬೇತಿ ಕೊಟ್ಟು ಗುರುಗಳನ್ನಾಗಿಸಿ ಸಣ್ಣ ಮಕ್ಕಳಿಗೆ ಈಸು ಕಲಿಸುತ್ತಾರೆ. 25 ಮೀಟರ್ ಈಸಬೇಕು, ಕೈಕಾಲು ಬಡಿಯದೆ ತೇಲಬೇಕು, ಮುಳುಗುವವನಿಗೆ ತಾನು ನೀರಿಗಿಳಿಯದೆ ಕೋಲು ಚಾಚಬೇಕು. ಇಷ್ಟು ಬಂದರೆ ಸಾಕು. ಕೊನೆಯ ಪಾಠ ಬಹಳ ಮುಖ್ಯ. ನಮ್ಮಲ್ಲಿ ಒಬ್ಬನ ಹಿಂದೆ ಇನ್ನೊಬ್ಬ ಹಾರಿ ಒಂದೇ ಮನೆಯ ಇಬ್ಬರು, ಮೂವರು ಹೋದ ಸುದ್ದಿಯನ್ನು ನೀವೂ ಓದಿದ್ದೀರಿ. ನಮ್ಮ ಪಂಚಾಯಿತಿಗಳು ಕೆರೆಯ ಮೀನಿನ ಗುತ್ತಿಗೆಯಿಂದ ಬರುವ ಹಣದಲ್ಲಿ ಒಂದು ಪಾಲನ್ನು ಇಂಥ ಅಟ್ಟಕ್ಕೆ ಎತ್ತಿಡಲಿ ಎಂದು ನಾನು ಕೇಳುತ್ತೇನೆ. ಎರಡು ತಿಂಗಳ ರಜೆ, ಬಚ್ಚಲ ನೀರು ಸೇರದ ಒಂದು ಕೆರೆ, ಈಸು ಬಲ್ಲ ಇಬ್ಬರು, ಇದಕ್ಕೆ ದೊಡ್ಡ ಯೋಜನೆ ಬೇಡ. ಹೆಣ್ಣುಮಕ್ಕಳನ್ನು ಬಿಡಬೇಡಿ, ಬಟ್ಟೆ ಒಗೆಯಲು ನೀರಿನ ಅಂಚಿಗೆ ಹೋಗುವವರು ಅವರೇ.

ಇನ್ನೊಂದು ಮಾತು. ನೀರಿನಿಂದ ತೆಗೆದವನನ್ನು ಉಪ್ಪಿನ ರಾಶಿಯಲ್ಲಿ ಹೂತರೆ ಜೀವ ಬರುತ್ತದೆಂದು ಮೊಬೈಲಿನಲ್ಲಿ ಹರಿದಾಡಿದ ಸುಳ್ಳನ್ನು ನಂಬಿ ಬಳ್ಳಾರಿ, ಹಾವೇರಿ ಜಿಲ್ಲೆಗಳಲ್ಲಿ ತಾಯಿತಂದೆಗಳು ತಾಸುಗಟ್ಟಲೆ ಕಾದು ಕೂತದ್ದುಂಟು. ತಲೆಕೆಳಗೆ ಮಾಡಿ ತಿರುಗಿಸುವುದು, ಹೊಟ್ಟೆ ಅಮುಕುವುದು ಇವೂ ಬೇಡ. ಉಸಿರಿಲ್ಲದಿದ್ದರೆ ತಡಮಾಡದೆ ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಉಸಿರು ಊದಬೇಕು. ಆಮೇಲೆ ಎದೆಯ ನಡುವೆ ಬಲವಾಗಿ ಒತ್ತುತ್ತ, ನಡುನಡುವೆ ಊದುತ್ತ ಇರಬೇಕು. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಕಲಿಯಬೇಕೆಂದರೆ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ.

ಹೊಂಡ ಇದ್ದವರು ಮಳೆಗಾಲಕ್ಕೆ ಮೊದಲೇ ಬೇಲಿ ಮುಗಿಸಿರಿ. ತಂತಿಗೆ ಹಣ ಕೂಡುವವರೆಗೆ ಮುಳ್ಳುಕಂಟಿಯಾದರೂ ಸರಿ. ನಾಲ್ಕೂ ಬದಿಗೆ ದಂಡೆಯ ಮೇಲೆ ಗೂಟ ಬಡಿದು, ಮೊಳಕ್ಕೊಂದು ಗಂಟು ಹಾಕಿದ ಹಗ್ಗವನ್ನು ತಳದವರೆಗೆ ಇಳಿಬಿಡಿ. ಒಂದು ಹಳೆಯ ಟ್ರ್ಯಾಕ್ಟರ್ ಟ್ಯೂಬಿಗೆ ಗಾಳಿ ತುಂಬಿ ನೀರಿನ ಮೇಲೆ ಬಿಡಿ. ನೂಲಿನ ಹಗ್ಗ ನೀರಿನಲ್ಲಿ ಕೊಳೆಯುತ್ತದೆ, ನೈಲಾನ್ ಹಗ್ಗವೇ ಬೇಕು. ಅದೂ ಬಿಸಿಲಿಗೆ ಬಲ ಕಳೆದುಕೊಳ್ಳುವುದರಿಂದ ಪ್ರತಿ ಬೇಸಿಗೆಯಲ್ಲಿ ನೀವೇ ಒಮ್ಮೆ ಜೋತುಬಿದ್ದು ನೋಡಿ, ಸಂಶಯ ಬಂದರೆ ಹೊಸದು ಕಟ್ಟಿರಿ.