ಮುಟ್ಟಿ ಕಲಿಯುವ ಮನೆಯಲ್ಲಿ ಅಪ್ಪ ಅಮ್ಮ ಮೂಕರಾಗಬೇಕೆ?

ಗೆಳೆಯರೇ, ಮುಂದಿನ ಭಾನುವಾರ ಬಿಡುವು ಮಾಡಿಕೊಂಡು ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಒಮ್ಮೆ ಹೋಗಿ ಬನ್ನಿ. ಯಂತ್ರಗಳನ್ನು ಆಮೇಲೆ ನೋಡುವಿರಂತೆ. ಮೊದಲು ಅಲ್ಲಿಗೆ ಬಂದಿರುವ ಸಂಸಾರಗಳನ್ನು ನೋಡಿ. ಮಗು ಓಡಿ ಹೋಗಿ ಗುಂಡಿ ಒತ್ತುತ್ತದೆ, ಹಿಡಿ ತಿರುಗಿಸುತ್ತದೆ, "ಅಪ್ಪಾ, ಇದ್ಯಾಕೆ ಹಿಂಗಾಗತ್ತೆ?" ಎಂದು ಕೇಳುತ್ತದೆ. ಅಪ್ಪ ಒಂದು ಸಲ ಫಲಕ ನೋಡಿ, ತಲೆ ಕೆರೆದುಕೊಂಡು, "ನಾಳೆ ನಿಮ್ಮ ಮಿಸ್ಸನ್ನ ಕೇಳು" ಅಂದುಬಿಡುತ್ತಾನೆ. ಅಮ್ಮ ತಿಂಡಿಯ ಚೀಲ, ನೀರಿನ ಬಾಟಲಿ ಕಾಯುತ್ತ ಒಂದು ಮೂಲೆಯಲ್ಲಿ ಕೂತಿರುತ್ತಾಳೆ. ಅಜ್ಜಿಯನ್ನಂತೂ ಕೇಳುವವರೇ ಇಲ್ಲ.

ಆ ಒಂದು ಗಳಿಗೆಯಲ್ಲಿ ಮಗು ಒಂದು ಪಾಠ ಕಲಿಯಿತು. ಅದು ವಿಜ್ಞಾನದ ಪಾಠವಲ್ಲ. 'ನನ್ನ ಅಪ್ಪ ಅಮ್ಮನಿಗೆ ಇದೆಲ್ಲ ತಿಳಿಯುವುದಿಲ್ಲ, ನಮ್ಮ ಮನೆಯ ಮಾತಿನಲ್ಲಿ ಇದನ್ನೆಲ್ಲ ಹೇಳಲಿಕ್ಕೇ ಬರುವುದಿಲ್ಲ' ಎಂಬ ಪಾಠ ಅದು. ಯಾರೂ ಬಾಯಿಬಿಟ್ಟು ಕಲಿಸದೇ ಇರುವ ಪಾಠ ಎಷ್ಟು ಗಟ್ಟಿಯಾಗಿ ಕೂರುತ್ತದೆ ಎಂದು ನಿಮಗೇ ಗೊತ್ತಲ್ಲ!

ನಾನು ಪಿಯುಸಿ ಓದಿ ಪ್ರೆಸ್ಸು ನಡೆಸುವವನು, ವಿಜ್ಞಾನಿಯಲ್ಲ. ನನ್ನ ಮಾತು ಇಷ್ಟೇ. ಮಕ್ಕಳ ಮ್ಯೂಸಿಯಂ ಎಂದರೆ ಮಕ್ಕಳನ್ನು ಒಳಗೆ ಬಿಟ್ಟು ದೊಡ್ಡವರು ಹೊರಗೆ ಕಾಯುವ ಜಾಗವಲ್ಲ. ಅದು ಮನೆಮಂದಿಯೆಲ್ಲ ಮಾತಾಡಿಕೊಂಡು ಕಲಿಯುವ ಜಾಗ. ಆ ಮಾತು ಮನೆಯ ಮಾತೇ ಆಗಿರಬೇಕು.

ಮುಟ್ಟಬೇಡಿ ಎಂಬ ಬೋರ್ಡು ತೆಗೆದವರು

ಮಕ್ಕಳಿಗೆಂದೇ ಮೊದಲ ಮ್ಯೂಸಿಯಂ ಬಾಗಿಲು ತೆರೆದದ್ದು 1899ರ ಡಿಸೆಂಬರ್ 16ರಂದು, ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ. 1913ರಲ್ಲಿ ಬಾಸ್ಟನ್ ನಗರದಲ್ಲಿ ಇನ್ನೊಂದು ಬಂತು. 1962ರಲ್ಲಿ ಅದರ ನಿರ್ದೇಶಕನಾಗಿ ಬಂದವನು ಮೈಕೇಲ್ ಸ್ಪಾಕ್. ಶಿಶುಪಾಲನೆಯ ಪುಸ್ತಕ ಬರೆದು ಜಗತ್ತಿಗೆಲ್ಲ ಹೆಸರಾದ ಡಾಕ್ಟರ್ ಬೆಂಜಮಿನ್ ಸ್ಪಾಕ್‌ರ ಮಗ. ಇಂಥ ಮನೆಯ ಹುಡುಗ ಓದಿನಲ್ಲಿ ಬಹಳ ಕಷ್ಟಪಟ್ಟ. ಅಕ್ಷರಗಳು ತಲೆಗೆ ಹತ್ತದ ಡಿಸ್ಲೆಕ್ಸಿಯಾ ಎಂಬ ತೊಂದರೆ ಆತನಿಗಿತ್ತು. ಅಂಥವನು ಗಾಜಿನ ಪೆಟ್ಟಿಗೆಯ ಬೀಗ ತೆಗೆಸಿ, ನಿತ್ಯ ಬಳಸುವ ವಸ್ತುಗಳ ಹೊಟ್ಟೆಯೊಳಗೆ ಏನಿದೆ ಎಂದು ಬಿಚ್ಚಿ ತೋರಿಸಿದ. ಮುಟ್ಟಿ, ತಿರುವಿ, ಆಡಿ ಕಲಿಯಿರಿ ಅಂದ. ಅಕ್ಷರ ಮಾರಿ ಅನ್ನ ತಿನ್ನುವ ನಾನೇ ಆತನಿಗೆ ಕೈ ಮುಗಿಯುತ್ತೇನೆ.

1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಕ್ಸ್‌ಪ್ಲೊರೆಟೋರಿಯಂ ಶುರುವಾಯಿತು. ಕಟ್ಟಿದವನು ಫ್ರಾಂಕ್ ಒಪನ್‌ಹೈಮರ್, ಅಣುಬಾಂಬಿನ ರಾಬರ್ಟ್ ಒಪನ್‌ಹೈಮರ್‌ನ ತಮ್ಮ. ಅಲ್ಲಿಯೂ ಅದೇ ಮಾತು: ನೀನೇ ಮಾಡಿ ನೋಡು.

ನಮ್ಮವರೇನೂ ಹಿಂದೆ ಬಿದ್ದಿರಲಿಲ್ಲ. ಬಾಸ್ಟನ್‌ಗೆ ಸ್ಪಾಕ್ ಬಂದ ಅದೇ 1962ರ ಜುಲೈನಲ್ಲಿ ಕಬ್ಬನ್ ಪಾರ್ಕಿನ ಅಂಚಿನಲ್ಲಿ ವಿಶ್ವೇಶ್ವರಯ್ಯನವರ ಹೆಸರಿನ ಕಟ್ಟಡವನ್ನು ಪ್ರಧಾನಿ ನೆಹರೂ ಉದ್ಘಾಟಿಸಿದರು. 1965ರ ಜುಲೈನಲ್ಲಿ ವಿದ್ಯುಚ್ಛಕ್ತಿಯ ಮೊದಲ ವಿಭಾಗ ಜನರಿಗೆ ತೆರೆಯಿತು. ಅಲ್ಲಿಂದ ಎಷ್ಟು ತಲೆಮಾರಿನ ಮಕ್ಕಳು ಅಲ್ಲಿನ ಎಂಜಿನ್ ಹಾಲಿನಲ್ಲಿ ಬಾಯಿ ಬಿಟ್ಟುಕೊಂಡು ನಿಂತಿಲ್ಲ! ಜಾಗ ಇದೆ, ಯಂತ್ರ ಇದೆ, ಮಕ್ಕಳೂ ಬರುತ್ತಾರೆ. ಕೊರತೆ ಇರುವುದು ಮಗುವಿನ ಪಕ್ಕದಲ್ಲಿ ನಿಂತ ದೊಡ್ಡವರ ಬಾಯಲ್ಲಿ.

ಒಂದೆರಡು ಮಾತು ಸಾಕು

ಇದನ್ನು ಪ್ರೆಸ್ಸಿನವನ ಹರಟೆ ಎಂದು ತಳ್ಳಿಹಾಕಬೇಡಿ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದ ಮಕ್ಕಳ ಮ್ಯೂಸಿಯಂನಲ್ಲಿ ಸಂಶೋಧಕರು ಸಂಸಾರಗಳು ಹೇಗೆ ಆಡುತ್ತವೆ ಎಂದು ಚಿತ್ರೀಕರಿಸಿ ನೋಡಿದರು. ತಿರುಗುವ ಡಬ್ಬಿಯ ಸೀಳಿನಲ್ಲಿ ಇಣುಕಿದರೆ ಒಳಗಿನ ಚಿತ್ರ ಓಡುವಂತೆ ಕಾಣುವ ಒಂದು ಆಟಿಕೆ ಇತ್ತು. ಒಂಟಿಯಾಗಿ ಅಥವಾ ಬರೀ ಓರಗೆಯವರೊಂದಿಗೆ ಆಡಿದ ಮಕ್ಕಳಿಗಿಂತ, ಅಪ್ಪನೋ ಅಮ್ಮನೋ ಜೊತೆಗಿದ್ದ ಮಕ್ಕಳು ಹೆಚ್ಚು ಹೊತ್ತು ನಿಂತು, ಹೆಚ್ಚು ಗಮನವಿಟ್ಟು ನೋಡಿದರು. ತಂದೆತಾಯಿ ಭಾಷಣ ಬಿಗಿಯಲಿಲ್ಲ. ಸರಿಯಾದ ಗಳಿಗೆಯಲ್ಲಿ ಒಂದೆರಡು ಮಾತು ಹೇಳಿದರು, ಅಷ್ಟೇ.

ಅದೇ ಮ್ಯೂಸಿಯಂನಿಂದ 2001ರಲ್ಲಿ ಪ್ರಕಟವಾದ ಇನ್ನೊಂದು ವಿಷಯ ಕೇಳಿ, ನಿಮಗೆ ಕಸಿವಿಸಿಯಾಗುತ್ತದೆ. ಗುಂಡಿ ಒತ್ತುವುದು ಹೇಗೆ ಎಂದು ಗಂಡು ಹೆಣ್ಣು ಇಬ್ಬರಿಗೂ ಹೇಳುತ್ತಿದ್ದ ತಂದೆತಾಯಿ, 'ಇದು ಯಾಕೆ ಹೀಗೆ' ಎಂಬ ವಿವರಣೆಯನ್ನು ಮಾತ್ರ ಗಂಡುಮಕ್ಕಳಿಗೆ 3 ಪಟ್ಟು ಹೆಚ್ಚು ಕೊಡುತ್ತಿದ್ದರು! ಅಷ್ಟು ಮುಂದುವರಿದ ದೇಶದಲ್ಲೇ ಹೀಗೆ. ನಮ್ಮಲ್ಲಿ ಇದಕ್ಕಿಂತ ಭಿನ್ನ ಅನ್ನುತ್ತೀರಾ? 'ಏ ಪುಟ್ಟಾ, ಇಲ್ಲಿ ನೋಡೋ' ಎಂದು ಮಗನನ್ನು ಎತ್ತಿ ತೋರಿಸುವವರು, ಮಗಳಿಗೆ 'ಹುಷಾರು, ಫ್ರಾಕು ಕೊಳೆಯಾಗತ್ತೆ' ಅನ್ನುವುದನ್ನು ನೀವು ಕೇಳಿಲ್ಲವೇ? ಮಗಳು ಇಂಜಿನಿಯರ್ ಆಗಲಿ ಎಂಬ ಆಸೆ ಎಲ್ಲರಿಗೂ ಇದೆ. ಅವಳ ಮೊದಲ 'ಯಾಕೆ'ಗೆ ಉತ್ತರ ಕೊಡುವವರು ಯಾರು?

ಬೀಸುಕಲ್ಲಿನ ವಿಜ್ಞಾನ

'ನಮಗೆ ಇಂಗ್ಲಿಷ್ ಬರಲ್ಲ, ವಿಜ್ಞಾನ ಓದಿಲ್ಲ, ಏನು ಹೇಳೋದು?' ಎನ್ನುವ ತಂದೆತಾಯಿ ನಮ್ಮ ಬೀದಿಬೀದಿಯಲ್ಲಿದ್ದಾರೆ. ಅವರಿಗೆ ನೀವು ಧೈರ್ಯ ಹೇಳಬೇಕು.

ಒಂದು ಸಲ ಅಜ್ಜಿಯನ್ನು ರಾಮನಗರದ ಬಳಿಯ ಜಾನಪದ ಲೋಕಕ್ಕೆ ಕರೆದುಕೊಂಡು ಹೋಗಿ. ಎಚ್.ಎಲ್. ನಾಗೇಗೌಡರು ಕಟ್ಟಿ 1994ರಲ್ಲಿ ನಾಡಿಗೆ ಕೊಟ್ಟ ಜಾಗ ಅದು. ಹಳ್ಳಿಯ ಬದುಕಿನ ಪಾತ್ರೆ ಪಡಗ, ಬೇಸಾಯದ ಸಾಮಾನು ನೋಡುತ್ತಿದ್ದಂತೆ ಅಜ್ಜಿಯ ಬಾಯಿಗೆ ಬೀಗ ಇರುವುದಿಲ್ಲ. ಅಲ್ಲಿ ಅವಳೇ ಮೇಷ್ಟ್ರು, ನಾವೆಲ್ಲ ಶಾಲೆ ಮಕ್ಕಳು. ಈಗ ಒಂದು ಪ್ರಶ್ನೆ ಕೇಳಿ: 'ಅಜ್ಜಿ, ಬೀಸುಕಲ್ಲಿನ ಗೂಟ ಅಂಚಿನಲ್ಲಿ ಯಾಕಿರುತ್ತೆ, ನಡುವೆ ಯಾಕಿಲ್ಲ?' 'ನಡುವೆ ಇಟ್ರೆ ಬೀಸಕ್ಕಾಗುತ್ತೇನೋ, ಭಾರ' ಅನ್ನುತ್ತಾಳೆ. ಇನ್ನೇನು ಬೇಕು? ತಿರುಗುವ ನಡುಗೂಟದಿಂದ ದೂರ ಹೋದಷ್ಟೂ ಕಡಿಮೆ ಬಲ ಸಾಕು. ಸನ್ನೆಕೋಲು, ಬಸ್ಸಿನ ಸ್ಟಿಯರಿಂಗ್, ಬಾಗಿಲ ಹಿಡಿ ಎಲ್ಲದರ ಗುಟ್ಟೂ ಇದೇ. ವಿಜ್ಞಾನ ಮ್ಯೂಸಿಯಂನಲ್ಲಿ ಮಗು ತಿರುಗಿಸುವ ಚಕ್ರದ ಗುಟ್ಟೂ ಇದೇ. ಅಜ್ಜಿ ಅದನ್ನು ರಟ್ಟೆಯಿಂದ ಕಲಿತಿದ್ದಾಳೆ.

ಭಾರ ಎತ್ತುವ ಗಾಲಿಗಳ ಮುಂದೆ ನಿಂತಾಗ ಬಾವಿಯ ರಾಟೆ ನೆನಪಿಸಿ. ತಿರುಗುವಾಗ ಮಾತ್ರ ನೆಟ್ಟಗೆ ನಿಲ್ಲುವ ಚಕ್ರದ ಮುಂದೆ ಬುಗುರಿ ನೆನಪಿಸಿ. ಕನ್ನಡಿಯಲ್ಲಿ ಅಕ್ಷರ ಮಗುಚಿಕೊಂಡಾಗ ನಾನಾದರೆ ನಮ್ಮಪ್ಪನ ಕಾಲದ ಅಚ್ಚುಮೊಳೆಯ ಕಥೆ ಹೇಳುತ್ತೇನೆ. ಮೊಳೆಯಲ್ಲಿ ಅಕ್ಷರ ಉಲ್ಟಾ ಇದ್ದರೆ ತಾನೇ ಕಾಗದದ ಮೇಲೆ ಸರಿಯಾಗಿ ಮೂಡುವುದು! ಪ್ರತಿ ಕಸುಬಿನಲ್ಲೂ ಒಂದು ಮ್ಯೂಸಿಯಂ ಇದೆ. ಬಡಗಿ, ದರ್ಜಿ, ಮೆಕ್ಯಾನಿಕ್, ಅಡಿಗೆಯವರು ಯಾರೂ ಬರಿಗೈಯಲ್ಲಿ ಒಳಗೆ ಹೋಗುವುದಿಲ್ಲ.

ಉತ್ತರ ಗೊತ್ತಿಲ್ಲದಿದ್ದರೂ ನಷ್ಟವಿಲ್ಲ. 'ನನಗೂ ಗೊತ್ತಿಲ್ಲ, ಬಾ ಇಬ್ಬರೂ ಇನ್ನೊಂದು ಸಲ ಮಾಡಿ ನೋಡೋಣ' ಅನ್ನುವುದೂ ವಿಜ್ಞಾನವೇ. 'ಮಿಸ್ಸನ್ನ ಕೇಳು' ಅನ್ನುವುದು ಮಾತ್ರ ಅಲ್ಲ.

ಫಲಕದ ಕನ್ನಡ

ಇನ್ನು ನನ್ನ ಕಸುಬಿನ ಮಾತು. ಹಲವು ಪ್ರದರ್ಶನಗಳಲ್ಲಿ ಕನ್ನಡ ಫಲಕ ಇರುವುದೇ ಇಲ್ಲ. ಇದ್ದರೆ ಅದು ಇಂಗ್ಲಿಷಿನ ನೆರಳು. 'ನಿಮ್ನ ದರ್ಪಣದಿಂದುಂಟಾಗುವ ಪ್ರತಿಬಿಂಬ' ಎಂದು ಬರೆದರೆ ಯಾವ ತಾಯಿ ಮಗುವಿಗೆ ಏನು ಹೇಳಿಯಾಳು? ಅದನ್ನೇ ಹೀಗೆ ಬರೆಯಿರಿ: 'ಈ ಕನ್ನಡಿ ಸೌಟಿನ ಒಳಮೈ ಹಾಗೆ ತಗ್ಗಾಗಿದೆ. ಹತ್ತಿರ ಬಾ. ನಿಧಾನವಾಗಿ ಹಿಂದೆ ಹೋಗು. ಎಲ್ಲಿ ತಲೆಕೆಳಗಾದೆ?' ಇದನ್ನು ಓದಿದ ತಾಯಿ ಮನೆಗೆ ಬಂದು ಸ್ಟೀಲ್ ಸೌಟಿನಲ್ಲೂ ಮಗುವಿಗೆ ಮುಖ ತೋರಿಸುತ್ತಾಳೆ. ನಿಮ್ನ ದರ್ಪಣ ಎಂಬ ಹೆಸರು ಕೆಳಗಿನ ಸಾಲಿನಲ್ಲಿರಲಿ, ಬೇಡ ಅನ್ನುವುದಿಲ್ಲ. ಶಾಲೆಯಲ್ಲಿ ಅದೂ ಬೇಕು.

ಅಳತೆಯ ವಿಷಯವೂ ಇದೆ. ಕನ್ನಡಕ್ಕೆ ಒತ್ತಕ್ಷರಗಳಿವೆ, ಅವು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷಿಗೆ ಇಟ್ಟ ಅಕ್ಷರದ ಅಳತೆ, ಸಾಲಿನ ಅಂತರವನ್ನೇ ಕನ್ನಡಕ್ಕೂ ಇಟ್ಟರೆ ಅಕ್ಷರ ಒಂದರ ಮೇಲೊಂದು ಹತ್ತಿ ಕೂರುತ್ತವೆ. ದಪ್ಪ ಅಕ್ಷರ, ಸಾಲುಗಳ ನಡುವೆ ಉಸಿರಾಡಲು ಜಾಗ, ಮಗುವಿನ ಕಣ್ಣಿನ ಎತ್ತರಕ್ಕೆ ಹಲಗೆ. ಇದಕ್ಕೆ ಕೋಟಿ ಖರ್ಚಿಲ್ಲ. ಮನಸ್ಸು ಬೇಕು.

ಬೇರೆ ಮನೆಮಾತಿನವರು ಅವರ ಮಾತಿನಲ್ಲೇ ಮಕ್ಕಳಿಗೆ ಹೇಳಿಕೊಳ್ಳಲಿ. ತೆಲುಗಿನ ಅಮ್ಮನಿಗೂ ಉರ್ದುವಿನ ಅಪ್ಪನಿಗೂ ಇದೇ ನ್ಯಾಯ. 'ಇಂಗ್ಲಿಷ್ ಕಲಿಯದಿದ್ದರೆ ಮಗು ಹಿಂದೆ ಬೀಳುತ್ತೆ' ಎಂದು ಹೆದರುವವರಿಗೆ ನನ್ನದು ಒಂದೇ ಉತ್ತರ: ಇಂಗ್ಲಿಷಿನ ಹೆಸರನ್ನು ನಾಳೆಯೂ ಕಲಿಯಬಹುದು, ಅರ್ಥ ಹುಟ್ಟುವ ಗಳಿಗೆ ಮತ್ತೆ ಬರುವುದಿಲ್ಲ.

ನೀವು ಮಾಡಬೇಕಾದದ್ದು

ನಿಮ್ಮಲ್ಲಿ ಹಲವರಿಗೆ ಇನ್ನೂ ಮದುವೆಯಾಗಿಲ್ಲ. ಆದರೆ ನೀವು ಯಾರಿಗೋ ಮಾವ, ಯಾರಿಗೋ ಚಿಕ್ಕಮ್ಮ, ಯಾರಿಗೋ ಅಣ್ಣ. ರಜೆಗೆ ಬಂದ ಅಕ್ಕನ ಮಕ್ಕಳನ್ನು ಮಾಲಿಗೆ ಕರೆದೊಯ್ಯುವ ಬದಲು ಒಂದು ದಿನ ಮ್ಯೂಸಿಯಂಗೆ ಕರೆದೊಯ್ಯಿರಿ. ಅಪ್ಪ, ಅಮ್ಮ, ಅಜ್ಜಿಯನ್ನೂ ಹೊರಡಿಸಿ. ಎಲ್ಲವನ್ನೂ ನೋಡಿ ಮುಗಿಸುವ ಹಟ ಬೇಡ, ಐದೇ ಐದು ಪ್ರಯೋಗದ ಮುಂದೆ ನಿಲ್ಲಿ. ಮೊಬೈಲು ಜೇಬಿನಲ್ಲಿರಲಿ. ಮಗು ಮೊದಲು ಆಡಲಿ, ಆಮೇಲೆ ನೀವು ಬಾಯಿ ಬಿಡಿ. ಹುಡುಗಿಗೆ ಹುಡುಗನಷ್ಟೇ ಹೇಳಿ, ಹುಡುಗನಷ್ಟೇ ಕೇಳಿ.

ಹೊರಡುವ ಮುನ್ನ ಅಭಿಪ್ರಾಯದ ಪುಸ್ತಕ ಕೇಳಿ ತೆಗೆದುಕೊಳ್ಳಿ. 'ಚೆನ್ನಾಗಿದೆ' ಎಂದು ಗೀಚಿ ಬರಬೇಡಿ. ಯಾವ ಫಲಕ ನಮ್ಮಮ್ಮನಿಗೆ ಅರ್ಥವಾಗಲಿಲ್ಲ ಎಂದು ಬರೆದು, ಅದನ್ನು ಹೇಗೆ ಬರೆಯಬಹುದಿತ್ತು ಎಂದು ಎರಡು ಸಾಲು ಕನ್ನಡದಲ್ಲಿ ನೀವೇ ಬರೆದುಕೊಡಿ. ಬೈದರೆ ಬಾಗಿಲು ಹಾಕಿಕೊಳ್ಳುತ್ತಾರೆ. ಬರೆದುಕೊಟ್ಟರೆ ಒಂದಲ್ಲ ಒಂದು ದಿನ ಹಲಗೆಗೆ ಏರಿಸಲೇಬೇಕಾಗುತ್ತದೆ.