ಹಳೆಯ ಅಮೆರಿಕನ್ ಕಾರುಗಳ ‘450 ಹಾರ್ಸ್‌ಪವರ್’ ನಿಜವೇ? ಎಂಜಿನ್‌ನ ಅಸಲಿಯತ್ತು ಗುರುತಿಸುವುದು ಹೇಗೆ?

“1970ರ ಕಾರಿನಲ್ಲೇ 450 ಹಾರ್ಸ್‌ಪವರ್ ಇತ್ತು, ಈಗಿನವೆಲ್ಲ ಬರೀ ಡಬ್ಬಾ” ಎನ್ನುವ ವಿಡಿಯೊಗಳು ಒಂದು ಕಡೆ. ಗ್ಯಾರೇಜಿನಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಕಾರು ಕೋಟಿಗಟ್ಟಲೆ ಬೆಲೆಗೆ ಹೋಯಿತು ಎನ್ನುವ ಫಾರ್ವರ್ಡ್‌ಗಳು ಇನ್ನೊಂದು ಕಡೆ. ಎರಡೂ ಪೂರ್ತಿ ಸುಳ್ಳಲ್ಲ. ಆದರೆ ಮೊದಲನೆಯದರಲ್ಲಿ ಅಳತೆಗೋಲು ಯಾವುದು ಎಂದು ಹೇಳುವುದಿಲ್ಲ, ಎರಡನೆಯದರಲ್ಲಿ ಎಂಜಿನ್ ಅಸಲಿಯೇ ಎಂದು ಕೇಳುವುದಿಲ್ಲ.

ಮೊದಲು 450ರ ವಿಷಯ. ಶೆವ್ರೊಲೆ ಕಂಪನಿ 1970ರಲ್ಲಿ ಶೆವೆಲ್ ಕಾರಿಗೆ ಕೊಟ್ಟ 454 ಘನ ಇಂಚಿನ ‘ಎಲ್‌ಎಸ್‌6’ ಎಂಜಿನ್‌ಗೆ 450 ಎಚ್‌ಪಿ ಎಂದು ಜಾಹೀರಾತಿನಲ್ಲಿ ಇದ್ದದ್ದು ಹೌದು. ಅದು ‘ಗ್ರಾಸ್’ ಲೆಕ್ಕ. ಎಂಜಿನ್ನನ್ನು ಕಾರಿನಿಂದ ಹೊರಗೆ ಸ್ಟ್ಯಾಂಡ್ ಮೇಲಿಟ್ಟು, ಏರ್ ಫಿಲ್ಟರ್, ಫ್ಯಾನ್, ಸೈಲೆನ್ಸರ್ ಮುಂತಾದ ಹೊರೆಗಳಿಲ್ಲದೆ ಓಡಿಸಿ ತೆಗೆದ ಅಂಕಿ. ಕಾರಿನಲ್ಲಿ ಕೂರಿಸುವಾಗ ಇವೆಲ್ಲವನ್ನೂ ಜೋಡಿಸಲೇಬೇಕು. ಹಾಗೆ ಜೋಡಿಸಿ ಅಳೆದರೆ ಸಿಗುವುದು ‘ನೆಟ್’ ಲೆಕ್ಕ. ಸಂಬಳದಲ್ಲಿ ಗ್ರಾಸ್ ಎಷ್ಟು, ಕೈಗೆ ಬರುವುದೆಷ್ಟು ಎನ್ನುವಂತೆಯೇ.

ಈ ವ್ಯತ್ಯಾಸ ಎಷ್ಟು ದೊಡ್ಡದು ಎಂದು ತೋರಿಸಲು 1971ರ ಕ್ರೈಸ್ಲರ್ ಹೆಮಿ ಸಾಕು. ಸುಮಾರು 7 ಲೀಟರಿನ ಈ 426 ಹೆಮಿಯ ಗ್ರಾಸ್ ಶಕ್ತಿ 425 ಎಚ್‌ಪಿ, ನೆಟ್ 350. ಎಂಜಿನ್ ಅದೇ, ವರ್ಷವೂ ಅದೇ, ಆದರೂ 75 ಎಚ್‌ಪಿ ಕಾಗದದ ಮೇಲೆಯೇ ಆವಿಯಾಯಿತು. ಇಂದಿನ ಕಂಪನಿಗಳು ಹೇಳುವುದು ನೆಟ್ ಅಂಕಿಯನ್ನು. 2015ರ ಫೋರ್ಡ್ ಮಸ್ಟಾಂಗ್‌ನ 2.3 ಲೀಟರ್ ನಾಲ್ಕು ಸಿಲಿಂಡರ್ ಎಂಜಿನ್ 310 ಎಚ್‌ಪಿ ಕೊಡುತ್ತಿತ್ತು. ಹೋಲಿಸುವುದಿದ್ದರೆ ಅದನ್ನು ಆ 350ರ ಜೊತೆ ಹೋಲಿಸಬೇಕು.

“ತೈಲ ಬಿಕ್ಕಟ್ಟು ಬಂದು ಅಮೆರಿಕನ್ ಎಂಜಿನ್‌ಗಳ ಶಕ್ತಿ ರಾತ್ರೋರಾತ್ರಿ ಕುಸಿಯಿತು” ಎನ್ನುವ ಮಾತೂ ಇಲ್ಲೇ ಸಡಿಲವಾಗುತ್ತದೆ. ತೈಲ ನಿರ್ಬಂಧ ಬಂದದ್ದು 1973ರ ಅಕ್ಟೋಬರಿನಲ್ಲಿ. ಕ್ಯಾಟಲಾಗ್‌ಗಳಲ್ಲಿ ಅಂಕಿ ಬಿದ್ದದ್ದು ಅದಕ್ಕೂ ಮೊದಲೇ, 1971–72ರಲ್ಲಿ. ಒಂದು ಪಾಲು ನೆಟ್ ಲೆಕ್ಕಕ್ಕೆ ಬದಲಾದದ್ದರಿಂದ, ಇನ್ನೊಂದು ಪಾಲು ಕಡಿಮೆ ಸೀಸದ ಪೆಟ್ರೋಲಿಗೆ ಹೊಂದಲೆಂದು ಕಂಪ್ರೆಶನ್ ಇಳಿಸಿದ್ದರಿಂದ. ಕಾರ್ವೆಟ್‌ನ ಎಲ್‌ಟಿ-1 ಎಂಜಿನ್ 1970ರಲ್ಲಿ 370 ಗ್ರಾಸ್ ಇದ್ದದ್ದು ಕಂಪ್ರೆಶನ್ ಇಳಿದ ಮೇಲೆ 1971ರಲ್ಲಿ 330 ಗ್ರಾಸ್ ಆಯಿತು. ಅದೇ 1971ರ ಎಂಜಿನ್‌ನ ನೆಟ್ ಅಂಕಿ 275. ಅಂದರೆ ನಿಜವಾದ ಇಳಿಕೆಯೂ ಇತ್ತು, ಲೆಕ್ಕದ ಇಳಿಕೆಯೂ ಇತ್ತು.

ತಮಾಷೆಯೆಂದರೆ ಕೆಲವೊಮ್ಮೆ ಕಂಪನಿಗಳು ಬೇಕೆಂದೇ ಕಡಿಮೆ ಹೇಳುತ್ತಿದ್ದವು. ಕಾರ್ವೆಟ್‌ನ ರೇಸಿಂಗ್ ಎಂಜಿನ್ ಎಲ್88ಕ್ಕೆ 430 ಎಚ್‌ಪಿ, ಅದಕ್ಕಿಂತ ಸೌಮ್ಯವಾದ ಎಲ್71ಕ್ಕೆ 435 ಎಂದು ಬರೆದರು! ದೊಡ್ಡ ಅಂಕಿಯ ಬೆನ್ನು ಹತ್ತಿದ ಸಾಮಾನ್ಯ ಗ್ರಾಹಕ ರೇಸ್ ಎಂಜಿನ್ ಕೊಳ್ಳದಿರಲಿ ಎನ್ನುವುದು ಇದರ ಹಿಂದಿನ ಉಪಾಯ.

ಹೊರಗಿನಿಂದ ನೋಡಿ ಹೇಳಬಹುದೇ?

ಬಹುಪಾಲು ಇಲ್ಲ. ಶೆವ್ರೊಲೆಯ ‘ಸ್ಮಾಲ್ ಬ್ಲಾಕ್’ ವಿ8 1955ರಲ್ಲಿ 265 ಘನ ಇಂಚಿನಿಂದ ಶುರುವಾಗಿ 283, 327, 302, 307, 350, 400 ಎಂದು ಬೆಳೆಯಿತು. ಹೊರಮೈ ಮಾತ್ರ ಹೆಚ್ಚುಕಡಿಮೆ ಒಂದೇ. ಸಾಧು ಸ್ವಭಾವದ 307ಕ್ಕೆ ಕ್ರೋಮ್ ಕವರ್ ಹಾಕಿ, ಕಿತ್ತಳೆ ಬಣ್ಣ ಬಳಿದು, ‘350’ ಸ್ಟಿಕರ್ ಅಂಟಿಸಿದರೆ ದೂರದಿಂದ ನೋಡುವವರಿಗೆ ಗೊತ್ತಾಗುವುದಿಲ್ಲ. ಅಂಥ ಸ್ಟಿಕರ್, ಬ್ಯಾಡ್ಜ್ ಎಲ್ಲವೂ ಹೊಸದಾಗಿಯೇ ಮಾರಾಟಕ್ಕೆ ಸಿಗುತ್ತವೆ.

ಕಾರಿನ ವಿನ್, ಅಂದರೆ ನಮ್ಮ ಆರ್‌ಸಿಯಲ್ಲಿರುವ ಚಾಸಿಸ್ ನಂಬರಿನಂಥದ್ದು, ಸಹಾಯಕ್ಕೆ ಬರುತ್ತದೆಯೇ? ಕಂಪನಿಯ ಮೇಲೆ ಹೋಗುತ್ತದೆ. ಫೋರ್ಡ್ ಮತ್ತು ಕ್ರೈಸ್ಲರ್ ಐದನೆಯ ಸ್ಥಾನದಲ್ಲಿ ಎಂಜಿನ್ ಗುರುತು ಹಾಕುತ್ತಿದ್ದವು: 1965ರ ಮಸ್ಟಾಂಗ್‌ನಲ್ಲಿ ‘ಕೆ’ ಇದ್ದರೆ 271 ಎಚ್‌ಪಿಯ 289, 1970ರ ಪ್ಲಿಮತ್‌ನಲ್ಲಿ ‘ಆರ್’ ಇದ್ದರೆ ಹೆಮಿ. ಶೆವ್ರೊಲೆಯಲ್ಲಿ ಈ ಸೌಕರ್ಯ 1972ರವರೆಗೆ ಇರಲಿಲ್ಲ. 1970ರ ಶೆವೆಲ್ ಎಸ್‌ಎಸ್ ಕೂಪೆಯ ವಿನ್ ಶುರುವಾಗುವುದು 13637ರಿಂದ. ಸಾದಾ ವಿ8 ಮಾಲಿಬು ಕೂಪೆಯದೂ 13637. ನಕಲಿ ಎಸ್‌ಎಸ್‌ಗಳು ಹುಟ್ಟಿಕೊಳ್ಳಲು ಇಷ್ಟು ಸಾಲದೇ?

ಹಾಗಾಗಿ ಎಂಜಿನ್‌ನ ಮೈಮೇಲೆಯೇ ಹುಡುಕಬೇಕು. ಶೆವ್ರೊಲೆಯಲ್ಲಿ ಬ್ಲಾಕ್‌ನ ಹಿಂಭಾಗ, ಚಾಲಕನ ಬದಿಯಲ್ಲಿ (ಅಲ್ಲಿ ಚಾಲಕ ಕೂರುವುದು ಎಡಕ್ಕೆ) ಉಬ್ಬಿದ ಎರಕದ ಸಂಖ್ಯೆ ಇರುತ್ತದೆ. ಅದು ಯಾವ ಅಚ್ಚಿನಲ್ಲಿ ಎರಕ ಹೊಯ್ದರು ಎಂದಷ್ಟೇ ಹೇಳುತ್ತದೆ. 3970010 ಎಂಬ ಸಂಖ್ಯೆ 1969ರ ಕಮಾರೊ ಜ಼ೆಡ್/28ರ ಹೆಸರುವಾಸಿ 302 ಎಂಜಿನ್ ಮೇಲೂ ಇದೆ, ಸಾಮಾನ್ಯ 350ರ ಮೇಲೂ ಇದೆ, ಪಿಕಪ್ ಟ್ರಕ್ಕಿನಲ್ಲೂ ಇದೆ. ‘ಅಪರೂಪದ ನಂಬರ್’ ಎಂದು ಅದರ ಫೋಟೊ ಹಾಕಿದರೆ ಏನೂ ಸಾಬೀತಾಗುವುದಿಲ್ಲ.

ಎಂಜಿನ್‌ನ ಜಾತಕ ಇರುವುದು ಮುಂಭಾಗದಲ್ಲಿ, ಪ್ರಯಾಣಿಕನ ಬದಿಯ ಸಿಲಿಂಡರ್ ಹೆಡ್‌ನ ಮುಂದಿರುವ ಸಣ್ಣ ಸಮತಟ್ಟಾದ ಜಾಗದಲ್ಲಿ. ಅಲ್ಲಿ ಪಂಚ್ ಮಾಡಿದ ಅಕ್ಷರಗಳು, ಉದಾಹರಣೆಗೆ ‘ಟಿ0320ಸಿಆರ್‌ವಿ’ ಎಂದಿದ್ದರೆ: ಟೊನವಾಂಡಾ ಕಾರ್ಖಾನೆ, ಮಾರ್ಚ್ 20, ಮ್ಯಾನ್ಯುಯಲ್ ಗೇರಿನ ಎಲ್‌ಎಸ್‌6. ಜೊತೆಗೆ ಕಾರಿನ ವಿನ್‌ನ ಕೊನೆಯ ಅಂಕಿಗಳೂ ಇರುತ್ತವೆ. ಅವು ಕಾರಿನದಕ್ಕೆ ತಾಳೆಯಾದರೆ ‘ನಂಬರ್ಸ್ ಮ್ಯಾಚಿಂಗ್’ ಎನ್ನುತ್ತಾರೆ. ಬೆಲೆ ಏರುವುದು ಇದರ ಮೇಲೆಯೇ.

ಹಾಗಾಗಿ ಮೋಸ ಶುರುವಾಗುವುದೂ ಇಲ್ಲೇ. ಆ ಜಾಗವನ್ನು ಉಜ್ಜಿ ಹೊಸ ಅಕ್ಷರ ಪಂಚ್ ಮಾಡುವುದು ಕಷ್ಟವಲ್ಲ. ಕಾರ್ಖಾನೆಯ ಯಂತ್ರ ಬಿಟ್ಟುಹೋದ ಸಮಾನಾಂತರ ಸಣ್ಣ ಗೆರೆಗಳು ಅಲ್ಲಿವೆಯೇ ಎಂದು ಬಲ್ಲವರು ಅದಕ್ಕೇ ನೋಡುತ್ತಾರೆ. ಆದರೆ ಗೆರೆ ಇಲ್ಲವೆಂದಾಕ್ಷಣ ಮೋಸವೂ ಅಲ್ಲ. ರಿಪೇರಿಗೆಂದು ಬ್ಲಾಕ್‌ನ ಮೇಲ್ಮೈ ನಯಗೊಳಿಸಿದಾಗಲೂ ಅಕ್ಷರ, ಗೆರೆ ಎರಡೂ ಅಳಿಸಿಹೋಗುತ್ತವೆ. ಇನ್ನೊಂದು ಸರಳ ಪರೀಕ್ಷೆ ತಾರೀಖಿನದು. ಬ್ಲಾಕ್ ಎರಕ ಹೊಯ್ದದ್ದು ಮೊದಲು, ಎಂಜಿನ್ ಜೋಡಿಸಿದ್ದು ಆಮೇಲೆ, ಕಾರು ತಯಾರಾದದ್ದು ಕೊನೆಗೆ. ಫೆಬ್ರವರಿಯಲ್ಲಿ ತಯಾರಾದ ಕಾರಿನಲ್ಲಿ ಮಾರ್ಚ್‌ನ ಎಂಜಿನ್ ಇದ್ದರೆ ಅದು ಹುಟ್ಟಿನಿಂದ ಬಂದದ್ದಲ್ಲ. ಸೀಟಿನಡಿಯಲ್ಲೋ ಪೆಟ್ರೋಲ್ ಟ್ಯಾಂಕಿನ ಮೇಲೋ ಕಾರ್ಖಾನೆಯ ಬಿಲ್ಡ್ ಶೀಟ್ ಉಳಿದಿದ್ದರೆ ಮಾಲೀಕನ ಅದೃಷ್ಟ.

ಇಷ್ಟಾದರೂ ಒಳಗೇನಿದೆ ಎಂದು ಹೊರಗಿನ ನಂಬರ್ ಹೇಳದು. 350ರ ಬ್ಲಾಕ್ ಅನ್ನು 0.030 ಇಂಚು ರೀಬೋರ್ ಮಾಡಿ, 400ರ ಕ್ರ್ಯಾಂಕ್‌ಶಾಫ್ಟನ್ನು ಲೇತ್‌ನಲ್ಲಿ ಸ್ವಲ್ಪ ಸಣ್ಣದಾಗಿಸಿ ಕೂರಿಸಿದರೆ 383 ಘನ ಇಂಚಿನ ಎಂಜಿನ್ ಆಗುತ್ತದೆ. ಅಮೆರಿಕದ ಗ್ಯಾರೇಜುಗಳಲ್ಲಿ ಬಲು ಜನಪ್ರಿಯವಾದ ಮಾರ್ಪಾಡು ಇದು, ತಪ್ಪೇನೂ ಅಲ್ಲ. ನಮ್ಮ ತಕರಾರು, ಶಕ್ತಿ ಹೆಚ್ಚಿಸಿದ್ದನ್ನು ಮಾತ್ರ ತೋರಿಸಿ ಮುಂದಿನ ಚಕ್ರಕ್ಕೆ ಅದೇ ಹಳೆಯ ಡ್ರಮ್ ಬ್ರೇಕ್ ಉಳಿಸಿಕೊಂಡ ವಿಡಿಯೊಗಳ ಬಗ್ಗೆ.

ಅಸಲಿ ಎಂಜಿನ್ ಇರುವ ಹಲವು ಮಾಲೀಕರು ಮಾರ್ಪಾಡಿಗೆ ಅದನ್ನು ಮುಟ್ಟುವುದೇ ಇಲ್ಲ. ಹೊರಗೆ ತೆಗೆದು, ಎಣ್ಣೆ ಸವರಿ, ಸುತ್ತಿ ಗ್ಯಾರೇಜಿನ ಮೂಲೆಯಲ್ಲಿಡುತ್ತಾರೆ. ಅದರ ಜಾಗದಲ್ಲಿ ಟ್ರಕ್ಕಿನಿಂದ ಬಂದ ಯಾವುದೋ 350ಯನ್ನು ಬೇಕಾದಂತೆ ಬದಲಿಸಿ ಓಡಿಸುತ್ತಾರೆ. ಮಾರುವಾಗ ಎರಡೂ ಎಂಜಿನ್ ಕಾರಿನ ಜೊತೆ ಹೋಗುತ್ತವೆ.